ಎರಡೂವರೆ ಗಂಟೆಯ ದಾರಿ

“ಲೇ ಮೂಕ, ನಿಜವಾಗ್ಲೂ ವಿಮಾನ ಹತ್ತಿದ್ಯೋ, ಬೊಂಬಾಯಾಗೇ ಇದ್ದು ಬಂದ್ಯೋ?” ಕಟ್ಟೆಯ ಮೇಲಿದ್ದ ಷಣ್ಮುಖಪ್ಪ ಕೇಳಿದ. “ಮಸ್ಕತ್ತಿನಿಂದ ಬಂದೋನ ಕೈಯಾಗೆ ಒಂದು ಟ್ರಾನ್ಸಿಸ್ಟರಾದ್ರೂ ಬ್ಯಾಡೇನು?”

ಮೂಕಪ್ಪ ಬರಿಗೈಯಲ್ಲಿ ಸಾಸ್ವೆಹಳ್ಳಿಯ ಬೀದಿ ದಾಟಿ ದೊಡ್ಡವ್ವ ಭೀಮಕ್ಕನ ಮನೆ ಹೊಕ್ಕ.

ಎರಡು ವರ್ಷದ ಹಿಂದೆ, ಎಂಬತ್ತನೇ ಇಸವಿಯಲ್ಲಿ, ಆಕೆಯ ಒಬ್ಬನೇ ಮಗ ನಾಗೇಂದ್ರಪ್ಪನನ್ನು ಕಟ್ಟಡದ ಕೆಲಸಕ್ಕೆ ಮಸ್ಕತ್ತಿಗೆ ಕರೆದೊಯ್ದವನು ಅವನೇ. ಆಕೆ ಬೇಡವೆಂದು ಹಟ ಹಿಡಿದಿದ್ದಳು. ಮೂಕಪ್ಪ ಏಜೆಂಟನಿಂದ ಕಲಿತಿದ್ದನ್ನು ಒಪ್ಪಿಸಿದ್ದ: ಬೊಂಬಾಯಿಗೂ ಮಸ್ಕತ್ತಿಗೂ ಸಾವಿರದೈನೂರು ಕಿಲೋಮೀಟರು, ಆದರೆ ವಿಮಾನಕ್ಕೆ ಬರೇ ಎರಡೂವರೆ ಗಂಟೆ. ದಾವಣಗೆರೆಗೆ ಬಸ್ಸಿನಲ್ಲಿ ಹೋದಷ್ಟು ಹೊತ್ತು. ಕರೆದರೆ ಸಂಜೆಗೆ ಬಂದಾನು. ಬೊಂಬಾಯಿಯಿಂದ ಊರಿಗೆ ಹಗಲೂ ರಾತ್ರಿ ಪ್ರಯಾಣ ಎಂಬುದನ್ನು ಮಾತ್ರ ನುಂಗಿಕೊಂಡಿದ್ದ. ಭೀಮಕ್ಕ ನಂಬಿದ್ದಳು.

ಒಲೆಯ ಮುಂದಿದ್ದವಳು ಅವನನ್ನು ನೋಡಿದಳು, ಆಮೇಲೆ ಅವನ ಹಿಂದೆ ನೋಡಿದಳು. “ಅವನೆಲ್ಲಿ?”

“ಬರ್ತಾ ಅವನೆ, ದೊಡ್ಡವ್ವ. ಹಿಂದೆ ವ್ಯಾನಿನಾಗೆ.”

“ವ್ಯಾನು ಮಾಡೋವಷ್ಟು ಸಾಮಾನು ತಂದಾನೇನು?”

ಮೂಕಪ್ಪ ಸಾರಿನ ಮಡಕೆಯ ಮುಚ್ಚಳ ಎತ್ತಿ ನೋಡಿದ. “ನೀನು ಉಂಡ್ಯಾ?”

“ನಿನ್ನೆ ಸೋಮವಾರ, ಉಪವಾಸ. ಅವನು ಬರ್ಲಿ, ಜೊತೆಗೇ ಉಣ್ತೀನಿ.”

“ಬ್ಯಾಡ. ಈಗ್ಲೇ ಉಣ್ಣು.”

“ಮಗ ಬರೋ ಹೊತ್ತಿಗೆ ತಾಯಿ ಉಂಡು ಕುಂತಿದ್ರೆ ಜನ ಏನಂದಾರು?”

“ಆ ಮಾತು ನನ್ನ ಮ್ಯಾಲಿರಲಿ.”

ಆಕೆಗೆ ಅನುಮಾನ ಬಂತು. “ಜಗಳ ಆಡಿದ್ರೇನು? ಎಲ್ಲಾದ್ರೂ ಅವನನ್ನ ಬಿಟ್ಟು ಬಂದ್ಯಾ?”

“ಇಲ್ಲ. ದಾರಿಯುದ್ದಕ್ಕೂ ಬಿಟ್ಟಿಲ್ಲ.”

“ವಿಮಾನದಾಗೆ ಪಕ್ಕದಾಗೇ ಕುಂತಿದ್ನಾ?”

“ಅವನಿಗೆ ಬ್ಯಾರೆ ಕಡೆ ಜಾಗ ಕೊಟ್ಟಿದ್ರು.”

“ಹೆದರಿಕೊಂಡ್ನೇನೋ, ಪಾಪ. ಹೋಗೋವಾಗ ನನ್ನ ಸೆರಗೇ ಬಿಟ್ಟಿರಲಿಲ್ಲ.”

“ಸುಮ್ಮನಿದ್ದ, ದೊಡ್ಡವ್ವ.”

ಮೂಕಪ್ಪ ತಾನೇ ತಟ್ಟೆ ತೆಗೆದು ಮುದ್ದೆ ಇಟ್ಟು ಸಾರು ಬಿಟ್ಟ. ಸಾರು ಅರ್ಧ ನೆಲಕ್ಕೆ ಚೆಲ್ಲಿತು. “ಗಂಡಸರ ಕೈ,” ಎಂದು ಭೀಮಕ್ಕ ನಕ್ಕು ಕೂತಳು.

ಬೀದಿಯ ತುದಿಯಲ್ಲಿ ಹಾರನ್ ಕೇಳಿಸಿತು. ಆಕೆ ಏಳಹೋದಳು. ಮೂಕಪ್ಪ ಭುಜ ಒತ್ತಿ ಕೂರಿಸಿ, ಬಾಗಿಲಿಗೆ ಹೋಗಿ, ಅಲ್ಲೇ ನಿಲ್ಲಿರೆಂದು ವ್ಯಾನಿನವರಿಗೆ ಕೈ ತೋರಿಸಿದ. ಕಟ್ಟೆಯ ಮೇಲೆ ಷಣ್ಮುಖಪ್ಪ ಎದ್ದು ನಿಂತಿದ್ದ. ಟವೆಲ್ಲು ತಲೆಯಿಂದ ಕೈಗೆ ಬಂದಿತ್ತು.

“ಬಂದ್ನಾ?” ಒಳಗಿನಿಂದ ಭೀಮಕ್ಕ ಕೇಳಿದಳು.

“ಇನ್ನೆರಡು ತುತ್ತು, ದೊಡ್ಡವ್ವ.”

“ನೀನೊಳ್ಳೆ ಬೀಗರನ್ನ ಉಣಿಸಿದಂಗೆ ಉಣಿಸ್ತೀಯಲ್ಲೋ.” ಆಕೆ ಮಗನಿಗಾಗಿ ಅಕ್ಕಿ ತೊಳೆದಿಡುವುದಾಗಿ ಹೇಳುತ್ತಾ ತಟ್ಟೆ ಬರಿದು ಮಾಡಿದಳು, ನೀರು ಕುಡಿದಳು, ಕೈ ತೊಳೆದಳು.

ಸಾವಿನ ಮನೆಯಲ್ಲಿ ಮಣ್ಣಾಗುವ ತನಕ ಒಲೆ ಉರಿಯಬಾರದು, ಯಾರೂ ಉಣ್ಣಬಾರದು. ಮೂಕಪ್ಪ ಚೊಂಬಿನ ನೀರನ್ನು ಉರಿಗೆ ಸುರಿದು, ಪೆಟ್ಟಿಗೆ ಇಳಿಸಿರೆಂದು ಬಾಗಿಲಾಚೆ ಕೈ ಮಾಡಿದ.