ಎರಡು ಕಚ್ಚು

"ನನ್ನ ರೇಜರ್ ವಾಪಸ್ ಕೊಡಿ," ಎಂದ ಬೆತ್ತದಣ್ಣ, ಕೈಯಲ್ಲಿದ್ದ ರೇಜರನ್ನು ಮೇಜಿನ ಮೇಲೆ ಕುಕ್ಕುತ್ತ.

ಗೇಜು ಮೇಷ್ಟ್ರು ಕನ್ನಡಕ ಹಣೆಗೇರಿಸಿ ನೋಡಿದರು. ನಾಲ್ಕು ದಿನದ ಹಿಂದೆ ಇವನ ತಂಗಿಯ ಕೈಗೆ ತಾವೇ ಕೊಟ್ಟ ಹಳೇ ಹಿತ್ತಾಳೆ ಸೇಫ್ಟಿ ರೇಜರ್. ಕೊಟ್ಟಾಗಿದೆಯಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎದುರಿಗಿದ್ದವನ ಮುಖ ಕಂಡಿತು. ದವಡೆಯ ಮೇಲೆ ಎರಡು ಗಾಯ, ಗಲ್ಲದ ಕೆಳಗೊಂದು. ಮೂರಕ್ಕೂ ಪೇಪರಿನ ಚೂರು ಅಂಟಿಸಿತ್ತು.

"ಇದು ನಿಮ್ಮದೇ," ಎಂದರು ಮೇಷ್ಟ್ರು.

"ನನ್ನದಾದರೆ ನನ್ನ ಕೈಗೆ ಗುರುತು ಸಿಗಬೇಕಿತ್ತು. ಇದು ಯಾರೋ ನೆಂಟರ ಮನೆಯದು."

"ಅಣ್ಣ, ನಾನೇ ಹೊಳಪು ಹಾಕಿಸಿದ್ದು," ಎಂದಳು ಹಿಂದೆ ನಿಂತಿದ್ದ ತಂಗಿ. "ಕಾಗೆ ಥರ ಕರ್ರಗಿತ್ತು."

"ಹೊಳಪು ಯಾರಿಗೆ ತಾಯಿ? ನನಗಾ, ಕನ್ನಡಿಗಾ?"

ಬೆತ್ತದಣ್ಣನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಮುರಿದ ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವನ ಕಸುಬು. ಅದನ್ನವನು ಬೆರಳಲ್ಲೇ ಮಾಡುತ್ತಾನೆ, ಕಣ್ಣಿದ್ದವರಿಗಿಂತ ನೀಟಾಗಿ. ಮೇಷ್ಟ್ರ ಕಸುಬು ಹಳೇ ರೇಜರ್. ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಗೇಜು ಹಿಡಿದು ಅಳತೆ ತಪಾಸಣೆ ಮಾಡಿ ನಿವೃತ್ತರಾದ ಮೇಲೆ ಹುಡುಕಿ ತಂದು ರಿಪೇರಿ ಮಾಡಿದ ಅರವತ್ತಮೂರು ರೇಜರ್‌ಗಳು ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿವೆ. ಊರವರದ್ದನ್ನೂ ಮಾಡಿಕೊಡುತ್ತಾರೆ. ಬೆತ್ತದಣ್ಣನದಕ್ಕೆ ಮಾತ್ರ ಹದಿನಾರು ದಿನ ಹಿಡಿದಿತ್ತು. ಕಿಲುಬು ತೆಗೆದು, ಪೆಟ್ಟು ಸರಿಮಾಡಿ, ನಿಕ್ಕಲ್ ಲೇಪ ಹಾಕಿದ ಮೇಲೆ ಅದನ್ನು ವಾಪಸ್ ಕೊಡಲು ಅವರಿಗೇ ಮನಸ್ಸಿರಲಿಲ್ಲ.

"ಅಷ್ಟೇಕೆ ರಂಪ?" ಎಂದಳು ತಂಗಿ. "ನಾಳೆಯಿಂದ ನಾನೇ ಶೇವ್ ಮಾಡ್ತೀನಿ ಬಿಡು."

"ನೀನು ರಸ್ತೆ ದಾಟಿಸು, ಬೇಡ ಅನ್ನಲ್ಲ. ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಅಂತ ಹೇಳು, ಕೇಳ್ಕೋತೀನಿ. ಆದರೆ ಈ ಮುಖ ನಂದು. ಮೂವತ್ತೊಂದು ವರ್ಷ ಇನ್ನೊಬ್ಬರ ಕೈಗೆ ಕೊಟ್ಟಿಲ್ಲ, ಇನ್ನು ಮುಂದೂ ಕೊಡಲ್ಲ." ಅವನು ರೇಜರಿನ ಹಿಡಿ ತಿರುಗಿಸಿ ತಲೆಯನ್ನು ಬಿಚ್ಚಿದ. "ಮೇಷ್ಟ್ರೇ, ಮೇಲಿನ ಟೊಪ್ಪಿಯ ಅಂಚಲ್ಲಿ ಬೆರಳಿಗೆ ಸಿಗೋ ಒಂದು ಕಚ್ಚು ಇತ್ತು. ಕೆಳಗಿನ ತಟ್ಟೆಗೂ ಒಂದು. ಎಲ್ಲಿ ಹೋದವು?"

"ಕೆಳಗೆ ಬಿದ್ದು ಪೆಟ್ಟಾಗಿದೆ ಅಂದ್ಕೊಂಡೆ. ಬೆಸುಗೆ ತುಂಬಿ ಸಮ ಮಾಡಿದೆ."

"ಬಿದ್ದಿದ್ದಲ್ಲ, ನಾನೇ ಅರ ಹಾಕಿ ಕೊರೆದದ್ದು. ಕಚ್ಚು ತೆಗೆದ್ರಿ, ಈಗ ಅದು ಕಚ್ಚೋಕೆ ಶುರುಮಾಡಿದೆ."

ಮೇಷ್ಟ್ರು ಗೇಜು ತೆಗೆದರು. ಟೊಪ್ಪಿಯ ಗೂಟಗಳನ್ನು ತಟ್ಟೆಯ ತೂತಿಗೆ ಕೂರಿಸಿ, ನಡುವೆ ಬ್ಲೇಡಿಟ್ಟು ಬಿಗಿದು ಅಳೆದರು. ಎರಡೂ ಕಡೆ ಸಂದು ಒಂದೇ ಸಮ, ಮಿಲಿಮೀಟರಿನ ಹತ್ತರಲ್ಲಿ ಆರು ಭಾಗ. ಮತ್ತೆ ಬಿಚ್ಚಿ, ಟೊಪ್ಪಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿದರು. ಹಾಗೆಯೂ ಕೂತಿತು. ಆದರೆ ಸವೆದ ತೂತಿನಲ್ಲಿ ಬ್ಲೇಡು ಓರೆಯಾಗಿ, ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಮೂರು. ಕಚ್ಚಿಗೆ ಕಚ್ಚು ಕೂಡಿಸಿದರೆ ಮುಖ ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಜೀವಮಾನವಿಡೀ ಅಳತೆ ಮಾಡಿದವರು ತಿರುಗಿಸಿ ಅಳೆದೇ ಇರಲಿಲ್ಲ.

"ಕೂತ್ಕೊಳ್ಳಿ," ಎಂದರು. "ಇದು ಸರಿಯಾಗದೆ ನಿಮ್ಮನ್ನ ಕಳಿಸಲ್ಲ. ಲೇಪಕ್ಕೆ ಏಟಾಗದ ಹಾಗೆ ಎರಡು ಕಡೆ ಒಂದೊಂದು ಕೆಂಪು ಚುಕ್ಕೆ ಇಟ್ಟುಬಿಡ್ತೀನಿ."

ಮೊದಲು ನಕ್ಕವಳು ತಂಗಿ.

"ಇಡಿ ಮೇಷ್ಟ್ರೇ," ಎಂದ ಬೆತ್ತದಣ್ಣ. "ಬಣ್ಣ ಹೊಂದಿಕೆ ಆಗದಿದ್ರೆ ಹೇಳ್ತೀನಿ."

ಮೇಷ್ಟ್ರ ಕಿವಿ ಬಿಸಿಯಾಯಿತು. ಡ್ರಾಯರಿನಿಂದ ಸಣ್ಣ ಮುಕ್ಕೋನದ ಅರ ತೆಗೆದರು. ಬ್ಲೇಡು ತೆಗೆದಿಟ್ಟು, ಸರಿಯಾದ ದಿಕ್ಕಿಗೆ ತಲೆಯನ್ನು ಜೋಡಿಸಿ ಬಿಗಿದರು. ಅಂಚಿಗೆ ಅರ ತಾಗಿಸಿದವರು ಹಾಗೇ ನಿಂತುಬಿಟ್ಟರು. ಹದಿನಾರು ದಿನದ ಕೆಲಸ.

"ಕೊಡಿ ಇಲ್ಲಿ," ಎಂದು ಬೆತ್ತದಣ್ಣ ಕೈ ಚಾಚಿದ. "ನಿಮ್ಮ ಕೈಯಲ್ಲಿ ಆಗಲ್ಲ. ಅಲ್ಲದೆ ಅದು ನನ್ನ ಹೆಬ್ಬೆರಳು ಹೋಗೋ ಜಾಗದಲ್ಲೇ ಇರಬೇಕು."

ಅವನು ಹೆಬ್ಬೆರಳಿನಿಂದ ಅಂಚನ್ನು ಎರಡು ಸಲ ಸವರಿ, ಉಗುರೂರಿ ಜಾಗ ಹಿಡಿದ. ಟೊಪ್ಪಿಗೆ ಐದು ಸಲ ಉಜ್ಜಿದ, ಅದರ ನೇರಕ್ಕೆ ತಟ್ಟೆಗೆ ಐದು ಸಲ. ಕರ್‌ ಕರ್‌ ಸದ್ದಿನೊಂದಿಗೆ ಪುಡಿ ಉದುರಿತು. ನಿಕ್ಕಲ್ಲಿನ ಕೆಳಗೆ ಹಿತ್ತಾಳೆಯ ಹಳದಿ ಕಂಡಿತು. ಆದರೂ ಮೇಷ್ಟ್ರು ರೇಜರಿನ ಹಿಡಿಯನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದೇ ಇದ್ದರು.

ಆಮೇಲೆ ಅವನು ಎಲ್ಲವನ್ನೂ ಬಿಚ್ಚಿ, ಬಿಡಿಭಾಗಗಳನ್ನು ಅಂಗೈಯಲ್ಲಿ ಕುಲುಕಿ, ಮತ್ತೆ ಬ್ಲೇಡು ಹಾಕಿ ಜೋಡಿಸಿದ. ಮೇಷ್ಟ್ರು ಎರಡು ಎಣಿಸುವಷ್ಟರಲ್ಲಿ ಕಚ್ಚು ಕಚ್ಚನ್ನು ಹುಡುಕಿಕೊಂಡಿತ್ತು. ಹಿಂದಿನ ಕೋಣೆಯ ನಲ್ಲಿಯ ಬಳಿ ನಿಂತು, ಗಾಯ ಬಿಟ್ಟು ಉಳಿದ ಕೆನ್ನೆಗೆ ನೊರೆ ಹಚ್ಚಿ, ಕಿವಿಯಿಂದ ಗಲ್ಲದವರೆಗೆ ಒಂದೇ ಎಳೆತ. ತಂಗಿ ಕಣ್ಣು ಮುಚ್ಚಿಕೊಂಡಳು. ಅಣ್ಣ ಅಂಗೈಯಿಂದ ಕೆನ್ನೆ ಒರೆಸಿ ಅದನ್ನು ಅವಳತ್ತ ಚಾಚಿದ. "ನೋಡು. ಕೆಂಪು ಇದ್ದರೆ ಹೇಳು."

"ಇಲ್ಲ," ಎಂದಳು ಅವಳು. ಇನ್ನೊಂದು ಕೆನ್ನೆ ತಾನು ಮಾಡುತ್ತೇನೆ ಎನ್ನಲಿಲ್ಲ.

ಅವರಿಬ್ಬರೂ ಹೋದ ಮೇಲೆ ಮೇಷ್ಟ್ರು ಮೇಜಿನ ಮೇಲಿನ ನಿಕ್ಕಲ್ ಪುಡಿಯನ್ನು ಬಟ್ಟೆಯಿಂದ ಒರೆಸಿದರು. ಮುಂದಿನ ರೇಜರ್ ಟ್ರೇಯಲ್ಲಿ ಕಾಯುತ್ತಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಅವರದೇ ದುಂಡು ಅಕ್ಷರ: 'ಹಿಡಿಯ ಬುಡದಲ್ಲಿ ಮೂರು ಗೀರು. ತೆಗೆಯಬೇಕು.' ಪೆನ್ಸಿಲ್ ಚೂಪು ಮಾಡಿಕೊಂಡು ಕೊನೆಯ ಪದವನ್ನು ಹೊಡೆದುಹಾಕಿದರು. ಮೇಲೆ ಬರೆದರು: 'ಕೇಳಬೇಕು.'