ಮಾತಾಡಿಸದ ಬೆಂಚು

ಐದನೇ ಇನ್ನಿಂಗ್ಸ್ ಮುಗಿಸಿ ಅರ್ಲೋ ಪೆಟಿಗ್ರೂ ಬೆಂಚಿಗೆ ಬಂದು ಕೂತ. ಪಕ್ಕದಲ್ಲಿದ್ದ ಇಬ್ಬರು ಎದ್ದು ದೂರ ಸರಿದರು. ಅವನ ಎದೆ ಡವಗುಟ್ಟಿತು. ಹಾಗಾದರೆ ನಿಜ!

ಎದುರಾಳಿಗೆ ಒಂದೂ ಹಿಟ್ ಕೊಡದೆ, ಅಂದರೆ ಹೊಡೆದು ಬೇಸ್ ತಲುಪಲು ಬಿಡದೆ, ಚೆಂಡೆಸೆಯುತ್ತಿರುವವನನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ದೃಷ್ಟಿ ತಗಲುತ್ತದೆ. ಬೇಸ್‌ಬಾಲ್ ಆಡುವವರು ದೇವರಿಗಿಂತ ಹೆಚ್ಚು ನಂಬುವ ಕಟ್ಟಳೆ ಇದು. ಎಸೆಯುವವನೂ ಅಷ್ಟೇ, ಸ್ಕೋರ್ ಬೋರ್ಡಿನತ್ತ ನೋಡಬಾರದು. ಅರ್ಲೋ ನೋಡಿರಲಿಲ್ಲ. ಎರಡನೇ ಇನ್ನಿಂಗ್ಸ್‌ನಲ್ಲಿ ಒಂದು ಚೆಂಡು ಫೀಲ್ಡರ್‌ನ ಕೈಯಿಂದ ಜಾರಿದ್ದೇನೋ ಹೌದು. ಆದರೆ ಅದು ಹಿಡಿಯುವವನ ತಪ್ಪು, ಹಿಟ್ ಎಂದು ಲೆಕ್ಕಕ್ಕಿಲ್ಲ.

ಕಾರ್ನ್ ವ್ಯಾಲಿ ಲೀಗ್ ಹುಟ್ಟಿದಂದಿನಿಂದ ವೆಲ್ಬಿ ಊರಿನ ತಂಡ ಒಮ್ಮೆಯೂ ಚಾಂಪಿಯನ್ ಆಗಿಲ್ಲ. ಫೈನಲ್‌ಗೆ ಬಂದು ಸೋಲುವುದರಲ್ಲಿ ಮಾತ್ರ ಅದನ್ನು ಮೀರಿಸುವವರಿಲ್ಲ. ಒಂದು ವರ್ಷ ನದಿ ಉಕ್ಕಿ ಮೈದಾನ ಮುಳುಗಿತು, ಕಪ್ಪನ್ನು ಎದುರಾಳಿಗೇ ಒಪ್ಪಿಸಿದರು. ಇನ್ನೊಂದು ವರ್ಷ, ಫೈನಲ್‌ನ ಹಿಂದಿನ ದಿನ, ಈ ತಂಡವನ್ನು ಸಾಕುವ ದೊಡ್ಡ ತಂಡದವರು ಒಳ್ಳೆಯ ಬ್ಯಾಟುಗಾರರನ್ನೆಲ್ಲ ಹೆಕ್ಕಿಕೊಂಡು ಹೋದರು. ಆಮೇಲಿನ ಸೋಲುಗಳೆಲ್ಲ ಅರ್ಲೋನ ಕೈಯಿಂದಲೇ ಆದವು. ಊರು ಅದನ್ನು ಮರೆತಿರಲಿಲ್ಲ.

"ಏ ತಾತಾ, ಊರುಗೋಲು ತರ್ಲಾ?" ಇವತ್ತಿನ ಫೈನಲ್‌ನಲ್ಲೂ ಮೊದಲ ಚೆಂಡಿಗೇ ಪ್ರೇಕ್ಷಕನೊಬ್ಬ ಕೂಗಿದ್ದ.

ಮೂವತ್ತಮೂರಕ್ಕೇ ತಾತ! ಇರಲಿ, ಈ ಆಟ ಹೀಗೇ ಮುಗಿದರೆ ದೊಡ್ಡ ತಂಡ ಅವನನ್ನು ಕರೆಯಲೇಬೇಕು. ಕರೆಯದಿದ್ದರೆ, ಚಳಿಗಾಲ ಕಳೆಯಲೆಂದು ಹೋಗುತ್ತಿದ್ದ ಹಂದಿಮಾಂಸದ ಕಾರ್ಖಾನೆಯೇ ಬದುಕಿಡೀ ಗತಿ.

ಮ್ಯಾನೇಜರ್ ಲಸ್ಕ್ ಬಾಯಿ ತೆರೆದರೆ ಬೈಗುಳ. ಮೂರನೇ ಇನ್ನಿಂಗ್ಸ್ ಹೊತ್ತಿಗೆ ಟ್ರಂಕ್ ಕಾಲ್ ಎಂದು ಆಫೀಸಿಗೆ ಹೋಗಿಬಂದ ಮೇಲೆ ಅವನೂ ತುಟಿ ಹೊಲಿದುಕೊಂಡಿದ್ದ. ಕ್ಯಾಚರ್ ರೂಫಸ್ ತನ್ನ ಜಾಕೆಟ್ಟನ್ನು ಅರ್ಲೋನ ಎಸೆಯುವ ತೋಳಿಗೆ ಹೊದಿಸಿ, ಮುಖ ನೋಡದೆ ಹೊರಟುಹೋದ. ಇವರೆಲ್ಲ ನನಗಾಗಿ ಹೇಗೆ ಉಸಿರು ಬಿಗಿಹಿಡಿದಿದ್ದಾರೆ ಎಂದು ಅರ್ಲೋಗೆ ಕಣ್ಣು ತುಂಬಿ ಬಂತು.

ಏಳನೆಯದರಲ್ಲಿ ಭುಜ ಉರಿಯತೊಡಗಿತು. ಎಂಟರಲ್ಲಿ ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಬೇರೆ ದಿನವಾಗಿದ್ದರೆ ತಾನೇ ಕೈಯೆತ್ತಿ ಬದಲಿ ಕೇಳುತ್ತಿದ್ದ. ಇವತ್ತು ಹಲ್ಲು ಕಚ್ಚಿ ಎಸೆದ.

ಒಂಬತ್ತನೆಯದೇ ಕೊನೆಯ ಇನ್ನಿಂಗ್ಸ್. ಅದರ ಕೊನೆಯ ಚೆಂಡು ಮೇಲಕ್ಕೆ ಹಾರಿ ರೂಫಸ್‌ನ ಗ್ಲೌಸಿಗೆ ಬಿತ್ತು. ಒಂದು-ಸೊನ್ನೆ. ಊರಿಗೆ ಊರೇ ಬೇಲಿ ಹಾರಿ ಮೈದಾನಕ್ಕೆ ನುಗ್ಗಿತು. ವೆಲ್ಬಿ ಚಾಂಪಿಯನ್!

ಅರ್ಲೋ ರೂಫಸ್‌ನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಿದ. "ಈಗಾದ್ರೂ ಬಾಯ್ಬಿಡ್ರೋ! ಒಂದೂ ಹಿಟ್ ಕೊಟ್ಟಿಲ್ಲ ಕಣೋ ನಾನು!"

ರೂಫಸ್ ಅಳುತ್ತಿದ್ದ. "ಬೋರ್ಡ್ ನೋಡಣ್ಣ."

ಅರ್ಲೋ ತಿರುಗಿ ನೋಡಿದ. ಎದುರಾಳಿಯ ಹಿಟ್: ಒಂದು.

"ಎರಡನೇ ಇನ್ನಿಂಗ್ಸ್‌ದು. ಸ್ಕೋರ್ ಬರೆಯೋರು ಅದನ್ನ ಹಿಟ್ ಅಂತ ಆವಾಗ್ಲೇ ಹಾಕ್ಬಿಟ್ರು."

"ಮತ್ತೆ... ಯಾರೂ ನನ್ ಮಾತಾಡಿಸ್ಲಿಲ್ವಲ್ಲೋ?"

"ದೊಡ್ಡ ತಂಡದವ್ರು ನಿನ್ನ ತೆಗೆದುಹಾಕಿದ್ದಾರಣ್ಣ, ಫೋನ್ ಬಂದಿದ್ದು ಅದಕ್ಕೇ, ಕಪ್ ಕೈಗೆ ಬರೋವರ್ಗೂ ಯಾರೂ ಬಾಯ್ಬಿಡ್ಬೇಡಿ ಅಂದ್ರು ಮ್ಯಾನೇಜರ್."