ಮೂರೇ ದಿನದ ಶಿಕ್ಷೆ

ಕರಾವಳಿಯ ಫುಟ್‌ಬಾಲ್ ಲೀಗಿನಲ್ಲಿ ಬೇಕೆಂದೇ ಹೊಡೆದ ಆಟಗಾರ, ಹೊಡೆಸಿಕೊಂಡವನ ನೋವನ್ನು ಅದು ವಾಸಿಯಾಗುವವರೆಗೂ ತಾನೂ ಅನುಭವಿಸಬೇಕು. ಎದುರಾಳಿ ನಾಯಕ ಸುಜಿತ್‌ನ ದವಡೆ ಮುರಿದ ನಿಶಿತನ ಕೈಗೆ ಶಿಕ್ಷಾಧಿಕಾರಿ ವಲೇರಿಯನ್ ಆ ನೋವನ್ನು ಅವನಿಗೆ ದಾಟಿಸುವ ಪಟ್ಟಿ ಕಟ್ಟತೊಡಗಿದರು.

"ನಲವತ್ತು ದಿನ," ಎಂದರು.

"ಹೋದ ವರ್ಷ ಇದೇ ಸುಜಿತ್ ಒಬ್ಬನ ದವಡೆ ಮುರಿದಾಗ ಮೂರೇ ದಿನಕ್ಕೆ ಬಿಚ್ಚಿದ್ರಲ್ಲ ಸರ್?"

ಆಗ ಫೈನಲ್ ಹತ್ತಿರವಿತ್ತು. ಸುಜಿತ್ ಆಡಲೇಬೇಕೆಂದು ಊರೇ ಕೇಳಿಕೊಂಡಿತ್ತು. ವಲೇರಿಯನ್ ಒಪ್ಪಿಬಿಟ್ಟಿದ್ದರು.

"ಅದು ನನ್ನ ತಪ್ಪು ಮಾರಾಯ. ಈಗ ನಿನ್ನನ್ನೂ ಬಿಟ್ರೆ ಎರಡು ತಪ್ಪಾಗ್ತದೆ."

"ಬಿಡಿ ಅಂತ ನಾನು ಕೇಳ್ಲಿಲ್ಲ. ಆವತ್ತು ನೀವು ಸರಿ ಮಾಡಿದ್ರೆ ಇವತ್ತು ನಾನು ಕೈ ಎತ್ತುತ್ತಿರ್ಲಿಲ್ಲ. ಆ ದವಡೆ ನನ್ನದು ಸರ್."

ವಲೇರಿಯನ್ ಅವನ ಮುಖ ನೋಡಿದರು. ಗಾಯಗೊಂಡವನ ಹೆಸರನ್ನು ಆವತ್ತು ಅವರು ಕೇಳಿರಲೇ ಇಲ್ಲ.